ಅಂಕಿ ನಿಂತಿತು, ಗಾಡಿ ಓಡಿತು

ದಾರಿಯನ್ನು ಅಳೆಯಬೇಕೆಂಬುದು ಮನುಷ್ಯನ ಬಹಳ ಹಳೆಯ ಹಂಬಲ. ನಮ್ಮ ಹಿರಿಯರು ದೂರವನ್ನು ಹರದಾರಿಯಲ್ಲಿ, ಗಾವುದದಲ್ಲಿ ಹೇಳುತ್ತಿದ್ದರು. ಹರದಾರಿಯೆಂದರೆ ಇಷ್ಟೇ ಎಂದು ಕೋಲು ಹಿಡಿದು ತೋರಿಸುವವರು ಯಾರೂ ಇರಲಿಲ್ಲ. ಗುಡ್ಡ ಹತ್ತುವವನ ಹರದಾರಿ ಒಂದಾದರೆ, ಗದ್ದೆಯ ಬದುವಿನಲ್ಲಿ ನಡೆಯುವವನ ಹರದಾರಿ ಇನ್ನೊಂದು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪೆನಿ ಸರಕಾರದ ಅಪ್ಪಣೆಯಂತೆ ನಮ್ಮ ಸೀಮೆಯನ್ನು ನೋಡಲು ಬಂದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳನ್ನು ಹಾದುಹೋದ ಆತ ದಿನದಿನದ ಪಯಣವನ್ನು ಕೋಸುಗಳಲ್ಲಿ ಬರೆದಿಟ್ಟ. ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಪ್ರವಾಸ ಕಥನದಲ್ಲಿ ನಮ್ಮ ಊರುಗಳ ಬೆಳೆ ಬಾಳುಗಳ ವಿವರವೆಲ್ಲ ಇದೆ. ಆದರೆ ಅವನ ಕೋಸನ್ನು ಹಿಡಿದು ಇಂದು ಯಾರೂ ಬಾಡಿಗೆ ಗೊತ್ತುಮಾಡಲಾರರು.

ಅಳತೆ ಖಚಿತವಾಗಬೇಕಾದರೆ ಕಾಲನ್ನು ಬಿಟ್ಟು ಚಕ್ರವನ್ನು ನಂಬಬೇಕು. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್ ಇದಕ್ಕೊಂದು ಉಪಾಯವನ್ನು ಬರೆದಿದ್ದಾನೆ. ಗಾಡಿಯ ಚಕ್ರದ ಸುತ್ತಳತೆ ಹನ್ನೆರಡೂವರೆ ಅಡಿ. ಅದು ನಾನೂರು ಸಲ ಉರುಳಿದರೆ ಐದು ಸಾವಿರ ಅಡಿ, ಎಂದರೆ ಒಂದು ರೋಮನ್ ಮೈಲು. ಚಕ್ರದ ಅಚ್ಚಿಗೆ ಹಲ್ಲಿನ ಗಾಲಿಗಳನ್ನು ಜೋಡಿಸಿ, ಮೈಲಿಗೊಂದರಂತೆ ಕಲ್ಲಿನ ಹರಳು ಪೆಟ್ಟಿಗೆಗೆ ಬೀಳುವಂತೆ ಮಾಡಿದರಾಯಿತು. ಸಂಜೆ ಹರಳುಗಳನ್ನು ಎಣಿಸಿದರೆ ದಿನದ ದಾರಿ ಕೈಗೆ ಬಂತು. ಪ್ರಾಚೀನ ಚೀನದಲ್ಲಿ ಒಂದೊಂದು ‘ಲೀ’ ದೂರಕ್ಕೂ ಮರದ ಬೊಂಬೆ ಡೋಲು ಬಾರಿಸುವ ರಥವಿತ್ತಂತೆ. ಕಂಪೆನಿಯ ಮೋಜಣಿದಾರರು ಒಂಟಿ ಚಕ್ರಕ್ಕೆ ಹಿಡಿಕೆ ಕಟ್ಟಿ ತಳ್ಳಿಕೊಂಡು ನಮ್ಮ ದೇಶದ ಹಾದಿಗಳನ್ನು ಅಳೆದರು. ಹರಳು ಹೋಗಿ, ಡೋಲು ಹೋಗಿ, ಚಾಲಕನ ಕಣ್ಣೆದುರಿನ ಪುಟ್ಟ ಕಿಟಕಿಯಲ್ಲಿ ಅಂಕಿಗಳು ಉರುಳತೊಡಗಿದ್ದು ಮೋಟಾರು ಗಾಡಿಯ ಕಾಲದಲ್ಲಿ. ಆ ಅಂಕಿಯ ಪೆಟ್ಟಿಗೆಗೆ ಓಡೋಮೀಟರು ಎಂದು ಹೆಸರು. ಗ್ಯಾರೇಜಿನವರು ‘ಕಿಲೋಮೀಟರು’ ಎಂದಷ್ಟೇ ಹೇಳಿ ಮುಗಿಸುತ್ತಾರೆ.

ಹಳೆಯ ಪಿಕಪ್ ಗಾಡಿಯೊಂದರಲ್ಲಿ ಈ ಅಂಕಿಯ ಪೆಟ್ಟಿಗೆ ಕೆಟ್ಟರೆ ಕೆಟ್ಟದ್ದು ಎಲ್ಲಿ ಎಂದು ಕಂಡುಹಿಡಿಯುವುದು ಹೇಗೆ ಎಂಬುದೇ ಇಂದಿನ ಮಾತು. ಇದೇನು ದೊಡ್ಡ ವಿಷಯ ಎಂದು ಕೇಳುಗರು ನಗಬಹುದು. ಗಾಡಿ ಓಡುತ್ತಿದೆ, ಬ್ರೇಕು ಹಿಡಿಯುತ್ತಿದೆ. ಅಂಕಿ ನಿಂತರೆ ನಷ್ಟವೇನು? ನಷ್ಟವಿದೆ. ಎಂಜಿನ್ನಿನ ಎಣ್ಣೆ ಬದಲಿಸುವುದು ಈ ಅಂಕಿಯನ್ನು ನೋಡಿ, ಬಾಡಿಗೆಯ ಲೆಕ್ಕ ಈ ಅಂಕಿಯ ಮೇಲೆ, ಡೀಸೆಲಿನ ಲೆಕ್ಕವೂ ಇದರ ಮೇಲೆಯೇ. ಐದು ಸಾವಿರ ಕಿಲೋಮೀಟರಿಗೆ ಎಣ್ಣೆ ಬದಲಿಸಬೇಕಾದ ಗಾಡಿಯಲ್ಲಿ ಮೀಟರು ಮೂರರಲ್ಲಿ ಎರಡು ಪಾಲನ್ನು ಮಾತ್ರ ಎಣಿಸಿದರೆ, ಎಣ್ಣೆ ಬದಲಾಗುವ ಹೊತ್ತಿಗೆ ಗಾಡಿ ಏಳೂವರೆ ಸಾವಿರ ಓಡಿರುತ್ತದೆ. ಅದಕ್ಕಿಂತಲೂ ದೊಡ್ಡ ನಷ್ಟವೊಂದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಯಂತ್ರದ ಒಳಗನ್ನು ನೋಡೋಣ.

ಗೇರ್‌ಬಾಕ್ಸಿನ ಹಿಂಭಾಗದಲ್ಲಿ, ಚಕ್ರಗಳಿಗೆ ಶಕ್ತಿಯನ್ನು ಒಯ್ಯುವ ದಂಡ ಹೊರಬೀಳುವಲ್ಲಿ, ಒಂದು ಸಣ್ಣ ಹಲ್ಲಿನ ಗಾಲಿ ಇದೆ. ಅದು ಇನ್ನೊಂದು ಪುಟ್ಟ ಗಾಲಿಯನ್ನು ತಿರುಗಿಸುತ್ತದೆ. ಇದು ಹಲವು ಗಾಡಿಗಳಲ್ಲಿ ನೈಲಾನಿನದು. ಈ ಪುಟ್ಟ ಗಾಲಿಗೆ ಕೇಬಲ್ಲಿನ ಒಂದು ತುದಿ ಸಿಕ್ಕಿಸಿದೆ. ಹೊರಗೊಂದು ಕವಚ, ಒಳಗೆ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ ತಂತಿ. ತಂತಿಯ ಎರಡು ತುದಿಗಳೂ ಚೌಕ. ಗಾಡಿ ಓಡಿದರೆ ತಂತಿ ಕವಚದೊಳಗೆ ತಿರುಗುತ್ತದೆ, ತಿರುಗುತ್ತ ಮೇಲಿನ ಮೀಟರಿಗೆ ಸುದ್ದಿ ಮುಟ್ಟಿಸುತ್ತದೆ. ಮೈಲುಗಳ ಕಾಲದಲ್ಲಿ, ಒಂದು ಮೈಲಿಗೆ ತಂತಿ ಸಾವಿರ ಸುತ್ತು ಸುತ್ತಬೇಕೆಂಬ ಲೆಕ್ಕ ಬಹಳಷ್ಟು ಮೀಟರುಗಳಲ್ಲಿ ಇತ್ತು. ಕಿಲೋಮೀಟರಿಗೆ ಇಳಿಸಿದರೆ ಅದು ಸುಮಾರು ೬೨೦ ಸುತ್ತು. ಮೀಟರಿನಿಂದ ಮೀಟರಿಗೆ ಈ ಸಂಖ್ಯೆ ಸ್ವಲ್ಪ ಬೇರೆಯಾಗಬಹುದು.

ಮೇಲೆ ಮುಟ್ಟಿದ ಸುದ್ದಿ ಅಲ್ಲಿ ಎರಡಾಗಿ ಒಡೆಯುತ್ತದೆ. ನಮ್ಮ ಪರೀಕ್ಷೆಗೆಲ್ಲ ಇದೇ ಬೀಗದ ಕೈ. ಒಂದು ಪಾಲು ವೇಗದ ಮುಳ್ಳಿಗೆ. ತಂತಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ, ಅದನ್ನು ಮುಟ್ಟದಂತೆ, ಅಲ್ಯೂಮಿನಿಯಮ್ಮಿನ ಬಟ್ಟಲೊಂದನ್ನು ಕವುಚಿದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ವಿದ್ಯುತ್ತಿನ ಸುಳಿಗಳೆದ್ದು ಅದೂ ಜೊತೆಗೆ ತಿರುಗಲು ಹವಣಿಸುತ್ತದೆ. ಕೂದಲೆಳೆಯಂಥ ಸುರುಳಿ ಕಮಾನೊಂದು ಅದನ್ನು ಹಿಂದಕ್ಕೆಳೆಯುತ್ತದೆ. ಈ ಎಳೆದಾಟ ಎಲ್ಲಿ ಸಮನಾಗುವುದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ೧೯೦೨ರಲ್ಲಿ ಜರ್ಮನಿಯ ಆಟೋ ಶುಲ್ಸೆ ಇದಕ್ಕೆ ಹಕ್ಕುಪತ್ರ ಪಡೆದ. ಇನ್ನೊಂದು ಪಾಲು ಅಂಕಿಗಳಿಗೆ. ಇಲ್ಲಿ ಮುಟ್ಟದ ಮಡಿವಂತಿಕೆಯಿಲ್ಲ. ಹಲ್ಲಿಗೆ ಹಲ್ಲು ಕೂತೇ ಕೆಲಸ ನಡೆಯಬೇಕು. ತಿರುಪಿನಂಥ ಹಲ್ಲೊಂದು ಗಾಲಿಗಳನ್ನು ನಿಧಾನವಾಗಿ ಉರುಳಿಸಿ, ನೂರಾರು ಸುತ್ತುಗಳನ್ನು ಒಂದು ಅಂಕಿಯ ಹೆಜ್ಜೆಗೆ ಇಳಿಸುತ್ತದೆ. ಬಲತುದಿಯ ಉರುಳೆ ಒಂಬತ್ತರಿಂದ ಸೊನ್ನೆಗೆ ಬರುವಾಗ ಪಕ್ಕದ ಉರುಳೆಯನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತದೆ. ಕೂಡುವ ಲೆಕ್ಕದಲ್ಲಿ ‘ಕೈಯಲ್ಲಿ ಒಂದು’ ಎಂದು ಮಕ್ಕಳು ಹೇಳಿಕೊಳ್ಳುವುದನ್ನೇ ಈ ಉರುಳೆಗಳು ಬಾಯಿಲ್ಲದೆ ಮಾಡುತ್ತವೆ.

ಹಾಗಾಗಿ ಮುಳ್ಳಿಗೆ ನೆನಪಿಲ್ಲ. ಗಾಡಿ ನಿಂತರೆ ಸೊನ್ನೆಗೆ ಮರಳಿಬಿಡುತ್ತದೆ. ಅಂಕಿಗೆ ಮರೆವಿಲ್ಲ, ನಿಂತಲ್ಲೇ ನಿಂತಿರುತ್ತದೆ. ಇಬ್ಬರೂ ಒಂದೇ ತಂತಿಯಿಂದ ಸುದ್ದಿ ಕೇಳುವವರು, ಆದರೆ ಬೇರೆ ಬೇರೆ ಮನೆಯವರು. ಆದ್ದರಿಂದ ಒಬ್ಬನ ಮಾತನ್ನು ಇನ್ನೊಬ್ಬನ ಮಾತಿನ ಎದುರಿಗಿಟ್ಟು ಸತ್ಯವನ್ನು ತಿಳಿಯಬಹುದು.

ಮುಳ್ಳೂ ಅಂಕಿಯೂ ಎರಡೂ ನಿಂತಿದ್ದರೆ ಕೇಡು ಇಬ್ಬರಿಗೂ ಸಮಾನವಾದ ದಾರಿಯಲ್ಲಿದೆ. ಎಂದರೆ ಕೇಬಲ್ ತುಂಡಾಗಿದೆ, ಅದರ ತಿರುಪು ಸಡಿಲಿ ತುದಿ ಹೊರಬಂದಿದೆ, ಇಲ್ಲವೆ ಗೇರ್‌ಬಾಕ್ಸಿನ ಪುಟ್ಟ ಗಾಲಿಯ ಹಲ್ಲು ಸವೆದಿದೆ. ಮುಳ್ಳು ಸರಿಯಾಗಿ ಆಡುತ್ತಿದ್ದು ಅಂಕಿ ಮಾತ್ರ ನಿಂತಿದ್ದರೆ ಕೇಬಲ್ಲನ್ನು ದೂರಿ ಪ್ರಯೋಜನವಿಲ್ಲ. ಕೇಡು ಮೀಟರಿನ ಒಳಗೆ, ಅಂಕಿಯ ಗಾಲಿಗಳಲ್ಲಿದೆ. ಅಂಕಿ ಉರುಳುತ್ತಿದ್ದು ಮುಳ್ಳು ಮಲಗಿದ್ದರೆ ಬಟ್ಟಲು, ಕಮಾನು ಇಲ್ಲವೆ ಮುಳ್ಳಿನ ಕೀಲಿನಲ್ಲಿ ತೊಂದರೆ. ಮುಳ್ಳು ಜ್ವರ ಬಂದವನಂತೆ ನಡುಗುತ್ತಿದ್ದರೆ ತಂತಿ ಒಣಗಿದೆ, ಅಥವಾ ಕೇಬಲ್ ಎಲ್ಲೋ ಬಲವಾಗಿ ಬಾಗಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಈ ಕೊನೆಯದು ಸಾಮಾನ್ಯ. ಹರಿದ ಕವಚದಿಂದ ನೀರು ಇಳಿಯುತ್ತದೆ, ತುಕ್ಕು ಹಿಡಿಯುತ್ತದೆ, ತಂತಿ ಹಿಡಿದು ಹಿಡಿದು ಬಿಡುತ್ತದೆ, ಒಂದು ದಿನ ಪಟ್ಟೆಂದು ಹೋಗುತ್ತದೆ. ಯಾವ ಸಲಕರಣೆಯೂ ಇಲ್ಲದೆ, ಕೂತ ಸೀಟಿನಿಂದಲೇ ಮಾಡಬಹುದಾದ ರೋಗನಿದಾನ ಇಷ್ಟು.

ಇನ್ನು ಕೈ ಹಾಕುವ ಪರೀಕ್ಷೆಗಳು. ಬ್ಯಾಟರಿಯ ಒಂದು ತಂತಿಯನ್ನು ಮೊದಲು ಕಳಚಿಡಬೇಕು, ಮೀಟರಿನ ಹಿಂದೆ ದೀಪದ ತಂತಿಗಳಿರುತ್ತವೆ. ಮೀಟರಿನ ಬೆನ್ನಿನಲ್ಲಿರುವ ತಿರುಪನ್ನು ಬಿಚ್ಚಿ ಕೇಬಲ್ಲನ್ನು ಹೊರತೆಗೆದು, ಒಳತಂತಿಯ ತುದಿಗೆ ಕಾಗದದ ಸಣ್ಣ ಬಾವುಟವೊಂದನ್ನು ಅಂಟಿಸಿ. ಗಾಡಿಯನ್ನು ಸಮನಾದ ಅಂಗಳದಲ್ಲಿ ನ್ಯೂಟ್ರಲ್ಲಿಗೆ ಹಾಕಿ, ಒಬ್ಬರನ್ನು ಬ್ರೇಕಿನ ಬಳಿ ಕೂರಿಸಿ, ಇಬ್ಬರು ಸೇರಿ ಹತ್ತು ಮೀಟರು ತಳ್ಳಿ. ಕಿಲೋಮೀಟರಿಗೆ ೬೨೦ ಸುತ್ತಿನ ಲೆಕ್ಕವಾದರೆ ಬಾವುಟ ಸುಮಾರು ಆರು ಸಲ ತಿರುಗಬೇಕು. ತಿರುಗಿದರೆ ಗೇರ್‌ಬಾಕ್ಸಿನಿಂದ ಇಲ್ಲಿಯವರೆಗಿನ ದಾರಿ ನಿರ್ದೋಷಿ. ತಿರುಗದಿದ್ದರೆ ತಂತಿಯನ್ನು ಮೆಲ್ಲನೆ ಎಳೆದು ನೋಡಿ. ಅರ್ಧವೇ ಹೊರಬಂದರೆ ಅದು ತುಂಡಾಗಿದೆ. ಪೂರ್ತಿ ಬಂದು, ಕೆಳತುದಿಯ ಚೌಕ ಸವೆದು ದುಂಡಗಾಗಿದ್ದರೆ ಕಾರಣ ಅಲ್ಲೇ ಸಿಕ್ಕಿತು. ತುದಿಗಳೆರಡೂ ಚೆನ್ನಾಗಿದ್ದರೆ ಮಾತ್ರ ಗಾಡಿಯ ಕೆಳಗೆ ಮಲಗಿ ಗೇರ್‌ಬಾಕ್ಸಿನ ಪುಟ್ಟ ಗಾಲಿಯನ್ನು ಹೊರತೆಗೆಯಬೇಕು.

ದಾರಿ ನಿರ್ದೋಷಿಯಾದರೆ ಮೀಟರನ್ನೇ ಪ್ರಶ್ನಿಸಬೇಕು. ಹಳೆಯ ಒಳತಂತಿಯ ಗೇಣುದ್ದದ ತುಂಡನ್ನು, ಚೌಕದ ತುದಿ ಮುಂದಾಗಿ, ಮೀಟರಿನ ಬೆನ್ನಿಗೆ ಸಿಕ್ಕಿಸಿ, ಮತ್ತೊಂದು ತುದಿಯನ್ನು ನಿಧಾನವಾಗಿ ತಿರುಗುವ ಡ್ರಿಲ್ಲಿಗೆ ಕೊಡುವುದು. ಗಾಡಿ ಮುಂದಕ್ಕೆ ಓಡುವಾಗ ತಂತಿ ಯಾವ ಕಡೆಗೆ ತಿರುಗುತ್ತಿತ್ತೋ ಅದೇ ಕಡೆಗೆ ತಿರುಗಿಸಬೇಕು. ನಿಮಿಷಕ್ಕೆ ೬೨೦ ಸುತ್ತು ತಿರುಗಿದರೆ ಮುಳ್ಳು ಅರುವತ್ತರ ಬಳಿ ನಿಲ್ಲಬೇಕು, ಅಂಕಿ ನಿಮಿಷಕ್ಕೊಂದು ಕಿಲೋಮೀಟರು ಮುಂದೆ ಹೋಗಬೇಕು. ಮುಳ್ಳು ಎದ್ದು ಅಂಕಿ ಏಳದಿದ್ದರೆ ಒಳಗಿನ ಗಾಲಿಯ ಹಲ್ಲು ಮುರಿದಿದೆ, ಇಲ್ಲವೆ ಗಾಲಿ ತನ್ನ ದಂಡದ ಮೇಲೆ ಹಿಡಿತ ತಪ್ಪಿ ಜಾರುತ್ತಿದೆ. ಗಾಡಿ ಓಡುತ್ತಿರುವಾಗಲೇ ಟ್ರಿಪ್ ಮೀಟರನ್ನು ಸೊನ್ನೆಗೆ ತಿರುಗಿಸುವ ಅಭ್ಯಾಸ ಕೆಲವರಿಗಿದೆ. ಹಲ್ಲುಗಳಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಪೂರ್ತಿ ನಿಂತ ಅಂಕಿಯನ್ನು ಕಂಡುಹಿಡಿಯುವುದು ಸುಲಭ. ಅದು ತಾನು ಕೆಟ್ಟಿದ್ದೇನೆಂದು ತಾನೇ ಹೇಳುತ್ತದೆ. ಕೆಟ್ಟೂ ಕೆಡದಂತೆ, ಹತ್ತು ಕಿಲೋಮೀಟರು ಓಡಿದರೆ ಆರೋ ಏಳೋ ಎಂದು ತೋರಿಸುವ ಅಂಕಿ ಅಪಾಯಕಾರಿ. ಮುಂದೆ ಹೇಳುತ್ತೇನೆಂದ ಮಾತು ಇದೇ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಬದಿಯಲ್ಲಿ ನನಗೆ ಪರಿಚಯದ ತೋಟದ ಮನೆಯೊಂದಿದೆ. ಅವರಲ್ಲೊಂದು ಹಳೆಯ ಪಿಕಪ್. ಅಡಿಕೆ, ತೆಂಗಿನಕಾಯಿ, ರಬ್ಬರ್ ಶೀಟು, ಗೊಬ್ಬರದ ಮೂಟೆ ಎಲ್ಲವನ್ನೂ ಹೊತ್ತದ್ದು ಅದೇ. ಗಾಡಿಯ ಡ್ರೈವರು ಆ ಮನೆಯಲ್ಲಿ ಹದಿನೆಂಟು ವರ್ಷ ದುಡಿದವರು. ಮನೆಯ ಯಜಮಾನರು ಲೆಕ್ಕದ ಮನುಷ್ಯ. ಹಾಕಿಸಿದ ಡೀಸೆಲು, ಓಡಿದ ಕಿಲೋಮೀಟರು ಎರಡನ್ನೂ ಪುಸ್ತಕದಲ್ಲಿ ಬರೆದಿಡುವವರು. ಲೀಟರಿಗೆ ಹತ್ತರ ಹತ್ತಿರ ಕೊಡುತ್ತಿದ್ದ ಗಾಡಿ ಮೂರು ತಿಂಗಳಲ್ಲಿ ಎಂಟಕ್ಕಿಳಿಯಿತು, ಏಳಕ್ಕಿಳಿಯಿತು, ಕೊನೆಗೆ ಆರಕ್ಕೆ ಬಂತು. ಡೀಸೆಲು ಎಲ್ಲಿಗೆ ಹೋಗುತ್ತಿದೆ? ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹೇಳದ ಮಾತು ಹೇಳಿದ್ದಕ್ಕಿಂತ ಬೇಗ ಕಿವಿಗೆ ಬೀಳುತ್ತದೆ. ಒಂದು ಸಂಜೆ ಡ್ರೈವರು ಗಾಡಿ ತಂದು ನಿಲ್ಲಿಸಿ, ಚಾವಿಯನ್ನು ಜಗಲಿಯ ಮೇಲಿಟ್ಟು, “ಧನಿಗಳೇ, ನಾಳೆಯಿಂದ ಬೇರೆ ಜನ ನೋಡಿಕೊಳ್ಳಿ” ಎಂದು ಹೊರಟುಹೋದರು. ಮರುವಾರ ಯಜಮಾನರು ನನ್ನನ್ನು ಕರೆಸಿದರು. ಭೌತವಿಜ್ಞಾನ ಕಲಿಸಿದವನೆಂಬ ಕಾರಣಕ್ಕೆ ಊರಿನ ರೇಡಿಯೋದಿಂದ ಪಂಪ್‌ಸೆಟ್ಟಿನವರೆಗೆ ಎಲ್ಲಕ್ಕೂ ನನಗೆ ಕರೆ ಬರುವುದುಂಟು.

ಲೀಟರಿನ ಲೆಕ್ಕ ಇಳಿಯಲು ಮೂರು ಕಾರಣಗಳಿರಬಹುದು. ಎಂಜಿನ್ನು ಹೆಚ್ಚು ಕುಡಿಯುತ್ತಿದೆ, ಅಥವಾ ಯಾರೋ ತೆಗೆಯುತ್ತಿದ್ದಾರೆ, ಅಥವಾ ಓಡಿದ ದೂರವೇ ಕಡಿಮೆ ದಾಖಲಾಗುತ್ತಿದೆ. ಎಂಜಿನ್ನು ಕುಡಿಯುತ್ತಿದ್ದರೆ ಕರಿಹೊಗೆ ಕಾಣಬೇಕು. ಬ್ರೇಕು ಹಿಡಿದುಕೊಂಡಿದ್ದರೆ ಚಕ್ರದ ಗುಂಬ ಮುಟ್ಟಲಾಗದಷ್ಟು ಬಿಸಿಯಾಗಬೇಕು. ಎರಡೂ ಇರಲಿಲ್ಲ. ಎರಡನೆಯ ಕಾರಣವನ್ನು ಮನೆಯವರೆಲ್ಲ ಆಗಲೇ ಸಾಕಷ್ಟು ಯೋಚಿಸಿ ಆಗಿತ್ತು. ಮೂರನೆಯದನ್ನು ಯಾರೂ ಪರೀಕ್ಷಿಸಿರಲಿಲ್ಲ, ಏಕೆಂದರೆ ಅಂಕಿ ಉರುಳುತ್ತಲೇ ಇತ್ತು. ಉರುಳುವ ಅಂಕಿಯನ್ನು ಯಾರು ಸಂಶಯಿಸುತ್ತಾರೆ?

ಗುರುವಾಯನಕೆರೆಯ ಕಡೆಯ ಹೆದ್ದಾರಿಗೆ ಗಾಡಿಯನ್ನು ಒಯ್ದೆವು. ಕಿಲೋಮೀಟರ್ ಕಲ್ಲುಗಳಿದ್ದಲ್ಲಿ ಪರೀಕ್ಷೆಗೆ ಬೇರೆ ಯಂತ್ರ ಬೇಡ. ೧೯೫೬ರ ಕಾಯಿದೆಯ ಬಳಿಕ ನಮ್ಮ ದೇಶ ಮೆಟ್ರಿಕ್ ಅಳತೆಗೆ ಬಂದಿತು, ರಸ್ತೆಯ ಕಲ್ಲುಗಳೂ ಬದಲಾದುವು. ನಮ್ಮ ನಾಲಗೆಯ ಮೇಲೆ ಮಾತ್ರ ಅವು ಮೈಲುಗಲ್ಲುಗಳಾಗಿಯೇ ಉಳಿದಿವೆ. ಮುಳ್ಳನ್ನು ನಲುವತ್ತರಲ್ಲಿ ಹಿಡಿದು ಓಡಿಸಿದರೆ ಕಲ್ಲಿನಿಂದ ಕಲ್ಲಿಗೆ ತೊಂಬತ್ತು ಸೆಕೆಂಡು ಹಿಡಿಯಬೇಕು. ರಸ್ತೆ ಅಗಲವಾಗುವಾಗ ಕೆಲವು ಕಲ್ಲುಗಳು ಸ್ಥಳ ಬಿಟ್ಟಿರುತ್ತವೆ. ಆದ್ದರಿಂದ ಒಂದೇ ಕಲ್ಲನ್ನು ನಂಬದೆ ಹತ್ತರ ಮೊತ್ತವನ್ನು ತೆಗೆದುಕೊಳ್ಳಬೇಕು. ಈಗ ಜೇಬಿನ ಫೋನೂ ಉಪಗ್ರಹಗಳನ್ನು ಕೇಳಿ ದೂರವನ್ನು ಹೇಳುತ್ತದೆ, ಸಾಕ್ಷಿಗೆ ಅದೂ ಇತ್ತು. ಗಡಿಯಾರಕ್ಕೂ ಮುಳ್ಳಿಗೂ ಹೊಂದಿಕೆಯಾಯಿತು. ಎಂದರೆ ಗೇರ್‌ಬಾಕ್ಸಿನ ಗಾಲಿ ಸರಿ, ಕೇಬಲ್ ಸರಿ. ಆದರೆ ಹತ್ತು ಕಲ್ಲುಗಳ ದೂರಕ್ಕೆ ಅಂಕಿ ಮುಂದೆ ಹೋದದ್ದು ಆರು ಚಿಲ್ಲರೆ. ಮರಳಿ ಬರುವಾಗ ಅದೇ ದೂರಕ್ಕೆ ಏಳೂವರೆ.

ಈ ವ್ಯತ್ಯಾಸದಲ್ಲೇ ಉತ್ತರವಿತ್ತು. ಟಯರಿನಿಂದ ತಪ್ಪು ಬಂದಿದ್ದರೆ ಅದು ಹೋಗುವಾಗಲೂ ಬರುವಾಗಲೂ ಒಂದೇ ಪ್ರಮಾಣದಲ್ಲಿರಬೇಕು. ಎಪ್ಪತ್ತು ಸೆಂಟಿಮೀಟರು ವ್ಯಾಸದ ಚಕ್ರ ಕಿಲೋಮೀಟರಿಗೆ ಸುಮಾರು ೪೫೫ ಸಲ ಉರುಳುತ್ತದೆ. ಅದರ ರಬ್ಬರು ಏಳು ಮಿಲಿಮೀಟರು ಸವೆದರೆ ವ್ಯಾಸ ಶೇಕಡಾ ಎರಡರಷ್ಟು ಕುಗ್ಗುತ್ತದೆ. ಚಕ್ರ ಹೆಚ್ಚು ಸಲ ಉರುಳಿ ಅಂಕಿ ಅಷ್ಟೇ ಹೆಚ್ಚು ತೋರಿಸುತ್ತದೆ. ಹಾಗಾಗಿ ಸವೆದ ಟಯರು ಅಂಕಿಯನ್ನು ಏರಿಸೀತೇ ಹೊರತು ಇಳಿಸದು. ದೊಡ್ಡ ಟಯರು ಹಾಕಿದರೆ ಇಳಿದೀತು, ಆದರೆ ಮೂರನೆಯ ಒಂದು ಪಾಲು ಇಳಿಯುವಷ್ಟು ದೊಡ್ಡ ಟಯರು ಆ ಗಾಡಿಗೆ ಹಿಡಿಸುವುದೇ ಇಲ್ಲ. ಒಮ್ಮೆ ಆರು, ಒಮ್ಮೆ ಏಳೂವರೆ ಎಂದು ಮಾತು ಬದಲಿಸುವುದು ಜಾರುವ ಗಾಲಿಯ ಲಕ್ಷಣ.

ಮೀಟರನ್ನು ಬಿಚ್ಚಿದಾಗ ಹಾಗೆಯೇ ಕಂಡಿತು. ಅಂಕಿಗಳನ್ನು ಉರುಳಿಸುವ ಪ್ಲಾಸ್ಟಿಕ್ ಗಾಲಿಯ ನಡುವಿನಲ್ಲಿ ಕೂದಲೆಳೆಯ ಬಿರುಕು. ಹಲ್ಲುಗಳೆಲ್ಲ ನೆಟ್ಟಗಿದ್ದುವು, ದಂಡವನ್ನು ಬಿಗಿಯಾಗಿ ಹಿಡಿಯುವ ಶಕ್ತಿ ಮಾತ್ರ ಹೋಗಿತ್ತು. ಒಂದು ಉರುಳೆಯನ್ನು ತಿರುಗಿಸುವಾಗ ಭಾರ ಕಡಿಮೆ, ಗಾಲಿ ಹೇಗೋ ನಡೆಯುತ್ತಿತ್ತು. ಒಂಬತ್ತುಗಳು ಸಾಲಾಗಿ ನಿಂತು, ಎರಡು ಮೂರು ಉರುಳೆಗಳನ್ನು ಒಟ್ಟಿಗೆ ದೂಡಬೇಕಾದಾಗ ಭಾರ ಹೆಚ್ಚಿ, ದಂಡ ತಿರುಗುತ್ತಿತ್ತು, ಗಾಲಿ ನಿಂತಲ್ಲೇ ನಿಲ್ಲುತ್ತಿತ್ತು. ಗಾಡಿ ಹೊಂಡಕ್ಕೆ ಬಿದ್ದು ಕುಲುಕಿದಾಗ ಮತ್ತೆ ಹಿಡಿದುಕೊಂಡು ಮುಂದೆ ಸಾಗುತ್ತಿತ್ತು. ಒಳ್ಳೆಯ ರಸ್ತೆಯಲ್ಲಿ ಸುಳ್ಳು ಹೇಳಿ, ಕೆಟ್ಟ ರಸ್ತೆಯಲ್ಲಿ ನಿಜ ಹೇಳುವ ವಿಚಿತ್ರ ಸಾಕ್ಷಿ ಅದು.

ಆಮೇಲೆ ಯಜಮಾನರ ಪುಸ್ತಕವನ್ನೇ ತೆಗೆದುಕೊಂಡು ಕೂತೆವು. ಕೊನೆಯ ತಿಂಗಳಲ್ಲಿ ಗಾಡಿ ಮೂಡುಬಿದಿರೆಗೆ ಹೋಗಿಬಂದದ್ದು ಹದಿನಾಲ್ಕು ಸಲ, ಒಂದು ಸಲಕ್ಕೆ ೩೬ ಕಿಲೋಮೀಟರು. ಬಂಟ್ವಾಳಕ್ಕೆ ಆರು ಸಲ, ಒಂದು ಸಲಕ್ಕೆ ೨೮. ಬೆಳ್ತಂಗಡಿಯ ಕಡೆಗೆ ನಾಲ್ಕು ಸಲ, ಒಂದು ಸಲಕ್ಕೆ ೮೦. ಒಟ್ಟು ೯೯೨ ಕಿಲೋಮೀಟರು. ಮೀಟರು ತೋರಿಸಿದ್ದು ೬೪೦. ಡೀಸೆಲು ೧೦೧ ಲೀಟರು. ಮೀಟರನ್ನು ನಂಬಿದರೆ ಲೀಟರಿಗೆ ಆರು ಚಿಲ್ಲರೆ, ದಾರಿಯನ್ನು ನಂಬಿದರೆ ಒಂಬತ್ತು ಮುಕ್ಕಾಲಿನ ಮೇಲೆ. ಒಂದು ಲೀಟರೂ ಎಲ್ಲಿಗೂ ಹೋಗಿರಲಿಲ್ಲ. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ಪುಸ್ತಕ ಮುಚ್ಚಿ, ಚಾವಿಯನ್ನು ಕಿಸೆಗೆ ಹಾಕಿಕೊಂಡು, ಕೊಡೆ ಹಿಡಿದು ಡ್ರೈವರ ಮನೆಯ ಕಡೆಗೆ ನಡೆದುಕೊಂಡೇ ಹೋದರು. ಅಲ್ಲಿ ಏನು ಮಾತಾಯಿತೆಂದು ನಾನು ಕೇಳಿಲ್ಲ. ಮರುದಿನ ಗಾಡಿ ಎಂದಿನಂತೆ ಪೇಟೆಗೆ ಹೋಯಿತು.

ಇನ್ನು ಕೆಲವು ಉಪಯುಕ್ತ ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಕೇಬಲ್ಲಿಗೆ ಗ್ರೀಸು ಹಚ್ಚುವಾಗ ಮೀಟರಿನ ಕಡೆಯ ನಾಲ್ಕು ಬೆರಳಗಲವನ್ನು ಒಣಗಿಯೇ ಬಿಡಬೇಕು. ಇಲ್ಲವಾದರೆ ಗ್ರೀಸು ಮೇಲೇರಿ ಬಟ್ಟಲನ್ನು ಕೆಡಿಸುತ್ತದೆ. ಬಿರುಕುಬಿಟ್ಟ ಗಾಲಿಗೆ ಅಂಟು ಹಾಕಿ ನಡೆಸುವುದು ನಾಲ್ಕು ದಿನದ ಉಪಾಯ. ಸರಿಯಾದ ಹಲ್ಲಿನ ಲೆಕ್ಕದ ಹೊಸ ಗಾಲಿಯೇ ಆಗಬೇಕು. ಗುಜರಿಯಿಂದ ಇನ್ನೊಂದು ಮೀಟರು ತಂದು ಕೂರಿಸಿದರೆ ಅದರಲ್ಲಿರುವ ಅಂಕಿ ಇನ್ನೊಂದು ಗಾಡಿಯ ಆಯುಷ್ಯ. ಹಳೆಯ ಮೀಟರು ಎಷ್ಟಕ್ಕೆ ನಿಂತಿತು, ಹೊಸದು ಎಷ್ಟರಿಂದ ಹೊರಟಿತು ಎಂಬುದನ್ನು ತಾರೀಖಿನೊಡನೆ ಬರೆದಿಡುವುದು ಮರ್ಯಾದೆ. ಗಾಡಿ ಮಾರುವಾಗ ಆ ಚೀಟಿಯನ್ನೂ ಕೊಡಬೇಕು. ಕೊಳ್ಳುವವರೂ ಅಂಕಿಯೊಂದನ್ನೇ ನೋಡಬಾರದು. ಐದು ಮನೆಗಳ ಹಳೆಯ ಮೀಟರು ೯೯,೯೯೯ ಆದ ಮೇಲೆ ಸೊನ್ನೆಗೆ ಬಂದು ಎರಡನೆಯ ಸುತ್ತು ಹೊರಟಿರಬಹುದು. ಉರುಳೆಗಳ ಅಂಕಿಗಳು ಒಂದೇ ಸಾಲಿನಲ್ಲಿಲ್ಲದೆ ಏರುಪೇರಾಗಿದ್ದರೆ ಯಾರದೋ ಕೈ ಆಡಿರಬಹುದು. ಕ್ಲಚ್ಚಿನ ಪೆಡಲಿನ ರಬ್ಬರು, ಸ್ಟಿಯರಿಂಗಿನ ಹಿಡಿ, ಸೀಟಿನ ಅಂಚು ಇವುಗಳ ಸವೆತವನ್ನು ತಿರುಗಿಸಿಡುವುದು ಅಷ್ಟು ಸುಲಭವಲ್ಲ. ಹೊಸ ಗಾಡಿಗಳಲ್ಲಿ ತಂತಿಯೂ ಇಲ್ಲ, ಉರುಳೆಯೂ ಇಲ್ಲ. ಸಂವೇದಕವೊಂದು ವಿದ್ಯುತ್ತಿನ ಮಿಡಿತಗಳನ್ನು ಕಳಿಸುತ್ತದೆ, ಚಿಪ್ಪೊಂದು ಎಣಿಸಿಡುತ್ತದೆ. ಆದರೂ ಪರೀಕ್ಷೆಯ ಕ್ರಮ ಅದೇ: ಸುದ್ದಿ ಎಲ್ಲಿಂದ ಹೊರಟಿತು, ಎಲ್ಲಿ ತಡೆಯಿತು ಎಂದು ಒಂದೊಂದೇ ಮೆಟ್ಟಿಲು ಇಳಿದು ನೋಡುವುದು.

ಅಂಕಿಗೆ ನಮ್ಮಲ್ಲಿ ಬಹಳ ಗೌರವ. ಮನುಷ್ಯ ಹೇಳಿದರೆ ಸಾಕ್ಷಿ ಕೇಳುತ್ತೇವೆ. ಅಂಕಿ ಹೇಳಿದರೆ ತಲೆ ಬಾಗುತ್ತೇವೆ. ಆದರೆ ಅಂಕಿಯ ಹಿಂದೆ ಹಲ್ಲಿದೆ, ಹಲ್ಲಿನ ಹಿಂದೆ ದಂಡವಿದೆ, ದಂಡದ ಹಿಂದೆ ತಂತಿಯಿದೆ. ಇವುಗಳಲ್ಲಿ ಯಾವುದು ಬೇಕಾದರೂ ಸವೆಯಬಹುದು, ಸವೆದುದನ್ನು ಹೇಳಿಕೊಳ್ಳುವ ಬಾಯಿ ಅವಕ್ಕಿಲ್ಲ. ಹದಿನೆಂಟು ವರ್ಷದ ಒಡನಾಟವನ್ನು ಹದಿನೆಂಟು ರೂಪಾಯಿ ಬಾಳದ ಗಾಲಿಯೊಂದರ ಮಾತಿಗೆ ಬಿಟ್ಟುಕೊಡುವ ಮೊದಲು, ಹತ್ತು ಕಲ್ಲುಗಳ ದಾರಿಯನ್ನು ಒಮ್ಮೆ ಓಡಿಸಿ ನೋಡುವುದು ಒಳ್ಳೆಯದು. ಅದಕ್ಕೆ ಹಿಡಿಯುವುದು ಕಾಲು ಗಂಟೆ.